ಮಾತು ನಿಂತಲ್ಲಿ ಏರು

ಭಾನುವಾರದ ಸೈಕಲ್ ತಂಡಕ್ಕೆ ಇದ್ದದ್ದು ಒಂದೇ ಕಟ್ಟುಪಾಡು: ಯಾರಿಗೂ ಅವಸರ ಇರಕೂಡದು. ಬೆವರು ಕಿತ್ತುಕೊಂಡು ಬರುವಂತೆ ತುಳಿಯುವವರಿಗೆ ಊರಲ್ಲಿ ಬೇರೆ ತಂಡಗಳಿದ್ದವು. ಬಿಗಿ ಬಟ್ಟೆ ತೊಟ್ಟು, ತಲೆ ಬಗ್ಗಿಸಿಕೊಂಡು, ಎದುರಿಗೆ ಸಿಕ್ಕವರಿಗೆ ನಮಸ್ಕಾರ ಹೇಳಲೂ ಪುರುಸೊತ್ತಿಲ್ಲದವರು ಅವರು. ಇದು ಹಾಗಲ್ಲ. ಮಂಡಿ ನೋವಿನವರು, ಹೊಟ್ಟೆ ಬಂದವರು, ನಿವೃತ್ತರಾಗಿ ಮನೆಯವರಿಗೆ ತಲೆನೋವಾದವರು, ಎಲ್ಲರೂ ಸೇರಿ ಹರಟುತ್ತಾ ಹೋಗುವುದು, ಎಲ್ಲಾದರೂ ನೆರಳಲ್ಲಿ ಕೂತು ಚಹಾ ಕುಡಿಯುವುದು, ಹರಟುತ್ತಾ ವಾಪಸಾಗುವುದು. ಆದರೆ ಈ ವಾರದ ದಾರಿ ಎಷ್ಟು ಕಷ್ಟ ಅಂತ ಮೊದಲೇ ಗೊತ್ತಾಗದಿದ್ದರೆ ಮಂಡಿ ನೋವಿನವರು ಹೊರಡುವುದು ಹೇಗೆ? ಅದಕ್ಕೇ ಪ್ರತಿ ದಾರಿಗೂ ಒಂದು ದರ್ಜೆ: ಸಲೀಸು, ಸಾಧಾರಣ, ಇಲ್ಲವೇ ದಮ್ಮು. ದಮ್ಮು ಅಂದರೆ, ದಮ್ಮಿದ್ದರೆ ಬನ್ನಿ, ಇಲ್ಲದಿದ್ದರೆ ಮನೆಯಲ್ಲೇ ಪೇಪರ್ ಓದಿ ಎಂದರ್ಥ.

ದರ್ಜೆ ಕೊಡುವ ಅಧಿಕಾರ ಸೋಫಾದವರದು. ಹಳೇ ಸೋಫಾ, ಕುರ್ಚಿಗಳ ಹೊಟ್ಟೆ ಬಗೆದು, ಸ್ಪ್ರಿಂಗು ಬಿಗಿದು, ಹೊಸ ಬಟ್ಟೆ ಹೊದಿಸುವುದು ಅವರ ಕಸುಬು. ಕೆಳಗೆ ಅಂಗಡಿ, ಮೇಲೆ ಹೊಲಿಗೆಯ ಕೋಣೆ, ಅದರ ಹಿಂದೆ ಮನೆ. ಕೆಳಗೆ ಅವರು ಬಾಯಲ್ಲಿ ಮೊಳೆ ಕಚ್ಚಿಕೊಂಡು ಸುತ್ತಿಗೆ ಬೀಸುತ್ತಿದ್ದರೆ ಮೇಲೆ ಹೆಂಡತಿ ಕವರು ಹೊಲಿಯುತ್ತಿದ್ದಳು. ಗಂಡನ ಬಾಯಿ ತುಂಬಾ ಮೊಳೆ ಇದ್ದದ್ದರಿಂದ ಮಾತಿನ ಖಾತೆ ಪೂರ್ತಿ ಹೆಂಡತಿಯ ಪಾಲಿಗೆ ಬಂತು ಎಂದು ತಂಡದವರು ತಮಾಷೆ ಮಾಡುತ್ತಿದ್ದರು. ಆಕೆ ಆ ಖಾತೆಯನ್ನು ಚೆನ್ನಾಗಿಯೇ ನಡೆಸಿದಳು. ಓರಗಿತ್ತಿಯ ಹೊಸ ಫ್ರಿಜ್ಜಿನಿಂದ ಶುರುವಾದರೆ ಚಿಕ್ಕಮ್ಮನ ಸೊಸೆಯ ತವರಿನವರೆಗೆ ಎಲ್ಲೂ ಬ್ರೇಕು ಹಾಕುತ್ತಿರಲಿಲ್ಲ.

ಆ ಮಾತೇ ಸೋಫಾದವರ ಅಳತೆಗೋಲು. ಗುರುವಾರ ಅಂಗಡಿಗೆ ರಜೆ. ಆ ದಿನ ಗಂಡ ಹೆಂಡತಿ ಇಬ್ಬರೂ ಭಾನುವಾರದ ದಾರಿಯನ್ನು ಒಮ್ಮೆ ತುಳಿದು ಬರುತ್ತಿದ್ದರು. ಅವರು ಮುಂದೆ, ಅವಳು ಹಿಂದೆ. ಅವಳ ಮಾತು ಎಲ್ಲೂ ಕಡಿಯದೆ ಏರು ದಾಟಿದರೆ ದಾರಿ ಸಲೀಸು. ಮಾತು ತುಂಡು ತುಂಡಾದರೆ ಸಾಧಾರಣ. ಮಾತು ನಿಂತೇ ಹೋದರೆ ದಮ್ಮು. ಇದಕ್ಕೆ ಇನ್ನೊಂದು ನೇಮವನ್ನೂ ಸೇರಿಸಿಕೊಂಡಿದ್ದರು: ದಾರಿಯಲ್ಲಿ ಹಿಂತಿರುಗಿ ನೋಡಬಾರದು.

"ಮುಖ ನೋಡಿದ್ರೆ ಅಯ್ಯೋ ಪಾಪ ಅನ್ಸುತ್ತೆ. ಪಾಪ ಅನ್ಸಿದ್ರೆ ತೀರ್ಪು ಕೆಡುತ್ತೆ. ಕಿವಿ ಒಂದಿದ್ರೆ ಸಾಕು" ಎನ್ನುತ್ತಿದ್ದರು ಸೋಫಾದವರು. ಈ ಮಾತು ಹೇಳುವಾಗ ಅವರ ಮುಖದಲ್ಲಿ ದೊಡ್ಡ ಕೋರ್ಟಿನ ಜಡ್ಜಿನ ಗತ್ತು ಇರುತ್ತಿತ್ತು.

ಹಿಂದೆ ಈ ಕೆಲಸ ಬ್ಯಾಂಕಿನವರ ಕೈಯಲ್ಲಿತ್ತು. ಬ್ಯಾಂಕಿನಿಂದ ನಿವೃತ್ತರಾದ ಅವರಿಗೆ ಫೋನಿನಲ್ಲಿ ಏರು ತಗ್ಗು ನೋಡುವುದೇ ಒಂದು ಚಟ. ಅವರು ಸಲೀಸು ಎಂದು ಸಾರಿದ ದಾರಿಯೊಂದರ ನಡುವೆ ತಂಡದ ಟೀಚರಮ್ಮ ಮಂಡಿ ಹಿಡಿದುಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಗಳಗಳ ಅತ್ತುಬಿಟ್ಟರು. ಶಾಲೆಯಲ್ಲಿ ಮಕ್ಕಳನ್ನು ಗದರಿಸಿ ಅಳಿಸಿದ ಹೆಂಗಸು ಹಾಗೆ ಅತ್ತದ್ದು ನೋಡಿ ಎಲ್ಲರೂ ಅರ್ಧ ದಾರಿಯಿಂದಲೇ ಸೈಕಲ್ ತಿರುಗಿಸಿದರು. ಅಂದಿನಿಂದ ಫೋನು ಮೂಲೆಗೆ ಬಿತ್ತು, ಅಕ್ಕನ ಬಾಯಿಗೆ ಪಟ್ಟ ಸಿಕ್ಕಿತು. ತಂಡದಲ್ಲಿ ಎಲ್ಲರಿಗೂ ಸೋಫಾದವರ ಹೆಂಡತಿ ಅಕ್ಕ. ಬ್ಯಾಂಕಿನವರು ಮೇಲೆ ನಕ್ಕರು, ಒಳಗೆ ಅದನ್ನು ಮರೆಯಲಿಲ್ಲ.

ವರ್ಷಗಟ್ಟಲೆ ಆ ಅಳತೆ ಒಂದು ಸಲವೂ ಕೈಕೊಡಲಿಲ್ಲ. ಸೋಫಾದವರು ಸಲೀಸು ಎಂದರೆ ಕಣ್ಣು ಮುಚ್ಚಿಕೊಂಡು ಬರಬಹುದು ಎಂಬ ಹೆಸರು ಬಂತು. ಈ ವರ್ಷದ ಬೇಸಿಗೆ ಶುರುವಾಗುವ ಹೊತ್ತಿಗೆ ಅದು ಹಳಿ ತಪ್ಪಿತು.

ಮೊದಲು ಸೇತುವೆಯ ದಾರಿ. ಮೊದಲಿನಿಂದಲೂ ಸಲೀಸು ಎನಿಸಿಕೊಂಡಿದ್ದ ಅದನ್ನು ಸೋಫಾದವರು ಸಾಧಾರಣ ಎಂದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಗೋದಾಮುಗಳ ಹಿಂದಿನ ದಾರಿಯೂ ಸಾಧಾರಣವಾಯಿತು. ಅದಾದ ಮೇಲೆ ಕಾಲುವೆ ರಸ್ತೆ ದಮ್ಮು ಎಂದು ಫೋನಿನಲ್ಲಿ ಸಂದೇಶ ಬಂದಾಗ ಟೀಚರಮ್ಮನೂ ಇನ್ನಷ್ಟು ಜನರೂ ಮನೆಯಲ್ಲೇ ಉಳಿದರು. ಬಂದವರು ನೋಡಿದರೆ ಕಾಲುವೆಯ ಪಕ್ಕದಲ್ಲಿ ರಸ್ತೆ ಮಣೆಯ ಹಾಗೆ ಸಪಾಟಾಗಿ ಮಲಗಿತ್ತು.

ಚಹಾದ ಹೊತ್ತಿಗೆ ಬ್ಯಾಂಕಿನವರು ಶುರು ಮಾಡಿದರು. "ಅಲ್ಲ ಸ್ವಾಮಿ, ಈ ರಸ್ತೆಗೇನು ರಾತ್ರೋರಾತ್ರಿ ಕೊಂಬು ಬಂತಾ? ಇದು ದಮ್ಮಾದ್ರೆ ನಮ್ಮನೆ ವರಾಂಡಾನೂ ದಮ್ಮೇ."

ಎಲ್ಲರೂ ನಕ್ಕರು. ಸೋಫಾದವರ ಕಿವಿ ಕೆಂಪಾಯಿತು. "ಗುರುವಾರ ಎದುರು ಗಾಳಿ ಇತ್ತು. ಟಾರೂ ಕಿತ್ತೋಗಿದೆ, ನೋಡ್ಲಿಲ್ವಾ?"

"ಟಾರು ಹೊಸದಾಗಿ ಹಾಕಿದಾರೆ ಸಾರ್" ಎಂದರು ಬ್ಯಾಂಕಿನವರು.

ಹೆಂಡತಿ ಚಹಾದ ಲೋಟ ಹಿಡಿದುಕೊಂಡು ಬೇರೆ ಕಡೆ ನೋಡುತ್ತಿದ್ದಳು. ಅಂಥ ಹೊತ್ತಿನಲ್ಲಿ ಬ್ಯಾಂಕಿನವರ ಬಾಯಿಗೆ ಬೀಗ ಹಾಕುವುದು ಆಕೆಗೆ ಎಡಗೈ ಕೆಲಸ. ಅಂದು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

ಮಾರನೇ ದಿನ ಟೀಚರಮ್ಮ ಒಂದು ಕುರ್ಚಿ ರಿಪೇರಿಯ ನೆಪ ಮಾಡಿಕೊಂಡು ಅಂಗಡಿಗೆ ಬಂದರು. ಮೇಲಿನ ಮಿಷಿನ್ ಸದ್ದು ಕೇಳುತ್ತಿದೆಯೇ ಎಂದು ನೋಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು. "ನೀವು ಬೇಜಾರು ಮಾಡ್ಕೋಬೇಡಿ. ದಾರಿ ಅಲ್ಲ, ಅಕ್ಕ ಸೋಲ್ತಿದಾರೆ. ಒಂದ್ಸಲ ಡಾಕ್ಟ್ರಿಗೆ ತೋರಿಸಿ."

ಸೋಫಾದವರು ಬಾಯಿಂದ ಮೊಳೆಗಳನ್ನು ಅಂಗೈಗೆ ಉಗುಳಿ, "ಅವಳಿಗೇನಾಗಿದೆ? ಕಲ್ಲುಗುಂಡು. ನನಗಿಂತ ಗಟ್ಟಿ ಇದಾಳೆ. ನಿಮಗೂ ಬ್ಯಾಂಕಿನವ್ರು ಹೇಳಿ ಕಳಿಸಿದ್ರಾ?" ಎಂದುಬಿಟ್ಟರು. ಟೀಚರಮ್ಮ ಮುಖಕ್ಕೆ ಹೊಡೆದಂತಾಗಿ ಎದ್ದು ಹೋದರು. ಕುರ್ಚಿ ಅಲ್ಲೇ ಉಳಿಯಿತು.

ಸಿಟ್ಟು ಇಳಿದ ಮೇಲೆ ಸೋಫಾದವರಿಗೆ ಒಳಗೊಳಗೇ ಭಯವಾಯಿತು. ಭಯವಾದಾಗ ಅವರು ಮಾಡುವುದು ಒಂದೇ, ಕೈಗೆ ಕೆಲಸ ಕೊಡುವುದು. ಹೆಂಡತಿಯ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಬಿಚ್ಚಿದರು. ಚಕ್ರದ ಬೇರಿಂಗ್ ಗೋಲಿಗಳನ್ನು ಬದಲಾಯಿಸಿದರು, ಚೈನು ತೊಳೆದು ಎಣ್ಣೆ ಬಿಟ್ಟರು, ರಿಮ್ಮಿಗೆ ಒಂದು ಕೂದಲಿನಷ್ಟು ತಾಗುತ್ತಿದ್ದ ಬ್ರೇಕು ರಬ್ಬರನ್ನು ಸರಿಸಿದರು. ಆ ರಬ್ಬರು ಸಿಕ್ಕಾಗ ಅವರಿಗೆ ನಿಧಿ ಸಿಕ್ಕಷ್ಟು ಖುಷಿ.

"ನೋಡೇ ಇಲ್ಲಿ! ಇದೇ ಕಣೇ ಇಷ್ಟು ದಿನ ನಿನ್ನ ಹಿಂದಕ್ಕೆ ಎಳೀತಿದ್ದಿದ್ದು!"

ಅವಳು ಮೆಟ್ಟಿಲ ನಡುವೆ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಹೌದಾ? ಹಂಗಾದ್ರೆ ಸರಿಹೋಯ್ತು ಬಿಡಿ" ಎಂದಳು.

"ಅಲ್ಲಿ ಯಾಕೆ ಕೂತೆ?"

"ಗುಂಡಿ ಬಿತ್ತು. ಹುಡುಕ್ತಿದೀನಿ."

ಗುಂಡಿ ಬಿದ್ದರೆ ಯಾರಾದರೂ ನೆಲ ನೋಡುತ್ತಾರೆ. ಅವಳು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಸೋಫಾದವರಿಗೆ ಅದು ಕಾಣಿಸಲಿಲ್ಲವೇ? ಕಾಣಿಸಿತು. ಕಾಣಿಸಿದ್ದನ್ನು ಒಳಗೆ ತೆಗೆದುಕೊಳ್ಳಲಿಲ್ಲ, ಅಷ್ಟೇ. ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತದೆ ಎಂದಾಗ ಬಿಸಿಲು ಜಾಸ್ತಿ ಎಂದರು. ಚಪ್ಪಲಿಯ ಪಟ್ಟಿಯನ್ನು ತಮ್ಮ ಅಂಗಡಿಯ ದಪ್ಪ ಸೂಜಿಯಿಂದಲೇ ಬಿಚ್ಚಿ ಸಡಿಲವಾಗಿ ಹೊಲಿದುಕೊಟ್ಟರು.

ಎಲ್ಲಕ್ಕಿಂತ ಹೆಚ್ಚು ಆ ದಿಂಬು. ಮಲಗಿದರೆ ಎದೆ ಮೇಲೆ ಯಾರೋ ಕೂತ ಹಾಗಾಗುತ್ತದೆ, ಎರಡು ದಿಂಬಿಟ್ಟರೆ ಜಾರುತ್ತವೆ, ಏನಾದರೂ ಮಾಡಿಕೊಡಿ ಎಂದಳು. ಗಂಡ ಯಾಕೆ, ಏನು ಎಂದು ಕೇಳಬೇಕೋ ಬೇಡವೋ? ಈ ಮಹಾಶಯರು ಟೇಪು ಹಿಡಿದು ಅವಳ ಬೆನ್ನಿನ ಅಳತೆ ತೆಗೆದರು. ಗಟ್ಟಿ ಫೋಮಿನ ದಿಮ್ಮಿಯನ್ನು ಒಂದು ಬದಿ ಎತ್ತರ, ಒಂದು ಬದಿ ತೆಳ್ಳಗೆ ಬರುವಂತೆ ಕೊಯ್ದು, ಮೇಲೆ ಮೆತ್ತನೆಯ ಪದರ ಅಂಟಿಸಿ, ಅಂಚಿಗೆ ದಾರ ತುಂಬಿದ ಪಟ್ಟಿಯ ಪೈಪಿಂಗ್ ಕೊಟ್ಟು, ಇಳಿಜಾರಿನ ದಿಂಬೊಂದನ್ನು ಮಾಡಿದರು. ಅದರ ಮೇಲೆ ಅರ್ಧ ಕೂತ ಹಾಗೆ ಒರಗಿಕೊಂಡು ಅವಳಿಗೆ ನಿದ್ದೆ ಬಂತು. ಬೆಳಿಗ್ಗೆ ಅವರು ಬೀಗುತ್ತಾ, "ಹೆಂಗಿದೆ ನನ್ನ ಕೈಚಳಕ?" ಎಂದು ಕೇಳಿದರು. ಕೆಲವು ದಿನ ಬಿಟ್ಟು ಇನ್ನೂ ಸ್ವಲ್ಪ ಎತ್ತರ ಬೇಕೆಂದಾಗ ಕೆಳಗೆ ಇನ್ನೊಂದು ಪದರ ಅಂಟಿಸಿಕೊಟ್ಟರು.

ತನ್ನ ಮೈಗೆ ಏನೋ ಆಗಿದೆ ಎಂದು ಅವಳಿಗೂ ಗೊತ್ತಿತ್ತು. ಆದರೆ ಡಾಕ್ಟರ ಬಳಿ ಹೋದರೆ ಮೊದಲು ಸೈಕಲ್ ಹೋಗುತ್ತದೆ, ಸೈಕಲ್ ಹೋದರೆ ಗುರುವಾರ ಹೋಗುತ್ತದೆ. ಇಡೀ ವಾರ ಮೇಲೊಬ್ಬರು ಕೆಳಗೊಬ್ಬರು ದುಡಿಯುವ ಮನೆಯಲ್ಲಿ ಗುರುವಾರ ಒಂದೇ ಅವಳ ಮಾತಿಗೆ ಪೂರ್ತಿ ಕಿವಿ ಸಿಗುತ್ತಿದ್ದ ದಿನ. ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದಳು. ಜೊತೆಗೆ, ತನ್ನಿಂದಾಗಿ ಗಂಡ ನಾಲ್ಕು ಜನರ ಮುಂದೆ ನಗೆಪಾಟಲಾದದ್ದು ಅವಳಿಗೆ ಸಹಿಸಲಾಗಲಿಲ್ಲ. ಇದನ್ನೆಲ್ಲ ಸೋಫಾದವರು ತಿಳಿದುಕೊಂಡದ್ದು ಆಮೇಲೆ.

ಆ ಗುರುವಾರ ನೀರಿನ ಟ್ಯಾಂಕಿನ ದಿಬ್ಬದ ದಾರಿ. ಹಳೆಯ ಲೆಕ್ಕದಲ್ಲಿ ಅದು ಸಲೀಸೇ, ಉದ್ದನೆಯ ಆದರೆ ಮೆಲ್ಲನೆಯ ಏರು. ಬುಡಕ್ಕೆ ಬಂದಾಗ ಹಿಂದಿನಿಂದ ಹೆಂಡತಿ ಹೇಳಿದಳು. "ರೀ, ಇವತ್ತು ನೀವು ಹೇಳ್ರಿ. ಆ ಸಿನಿಮಾ ಟಾಕೀಸಿನ ಕುರ್ಚಿ ಕೆಲಸ ಹಿಡಿದ್ರಲ್ಲ, ಅದು ಹೆಂಗೆ ಸಿಕ್ತು? ನಂಗೆ ಸರಿಯಾಗಿ ಹೇಳೇ ಇಲ್ಲ."

ಟಾಕೀಸಿನ ಕೆಲಸ ಸೋಫಾದವರ ಬದುಕಿನ ದೊಡ್ಡ ಗೆಲುವು. ಇಡೀ ಟಾಕೀಸಿನ ಹರಿದ ಕುರ್ಚಿಗಳಿಗೆ ಒಬ್ಬರೇ ಬಟ್ಟೆ ಹೊದಿಸಿದ್ದರು. ಯಾರಾದರೂ ಕೇಳಲಿ ಎಂದು ಕಾದಿದ್ದ ಕಥೆ ಅದು. ಮಾಲೀಕನ ಜಿಪುಣತನ, ಕುರ್ಚಿಯೊಳಗೆ ಸಿಕ್ಕ ಬಾಚಣಿಗೆಗಳು, ಇಲಿಯ ಸಂಸಾರ, ಎಲ್ಲಕ್ಕೂ ಉಪ್ಪು ಖಾರ ಹಚ್ಚಿ ಹೇಳುತ್ತಾ ಹತ್ತಿದರು. ಹಿಂದಿನಿಂದ "ಹೂಂ" ಬಂತು. "ಆಮೇಲೆ?" ಬಂತು. ಮತ್ತೊಂದು "ಆಮೇಲೆ?" ಸ್ವಲ್ಪ ದೂರದಿಂದ ಬಂತು. ಅದಾದ ಮೇಲೆ ಅವರಿಗೆ ಕೇಳಿಸಿದ್ದು ತಮ್ಮದೇ ದನಿ.

ತುದಿ ಮುಟ್ಟಿ, ನೇಮದಂತೆ ಹಿಂದೆ ನೋಡದೆ, ಕೆಳಗಿನ ಊರನ್ನು ನೋಡುತ್ತಾ ನೀರು ಕುಡಿದರು. ಎಷ್ಟೋ ಹೊತ್ತಿನ ಮೇಲೆ ಅವಳು ಸೈಕಲ್ ತಳ್ಳಿಕೊಂಡು ಬಂದು, ಚೈನು ಕಳಚಿತ್ತು ಎಂದಳು. ಚೈನು ಮುಟ್ಟಿದವರ ಬೆರಳು ಕಪ್ಪಾಗಿರುತ್ತದೆ ಎಂಬುದು ಸೈಕಲ್ ರಿಪೇರಿ ಮಾಡಿದ ಮನುಷ್ಯನಿಗೆ ಗೊತ್ತಿರಲೇಬೇಕು. ಅವಳ ಬೆರಳು ಬೆಳ್ಳಗಿದ್ದವು. ತುಟಿ ಮಾತ್ರ ನೀಲಿಗಟ್ಟಿತ್ತು. ಸೋಫಾದವರು ನಂಬಿದರು, ಯಾಕೆಂದರೆ ನಂಬುವುದು ಅವರಿಗೆ ಬೇಕಾಗಿತ್ತು. ಆ ಸಂಜೆಯೇ ಸಂದೇಶ ಹೋಯಿತು: ಟ್ಯಾಂಕಿನ ದಿಬ್ಬ, ಸಲೀಸು. ಬ್ಯಾಂಕಿನವರು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದರು.

ಭಾನುವಾರ ಎಲ್ಲರೂ ಬಂದರು. ಟೀಚರಮ್ಮನೂ ಸಿಟ್ಟು ಮರೆತು ಬಂದಿದ್ದರು. ದಿಬ್ಬದ ಬುಡದಲ್ಲಿ ಸಾಲು ಉದ್ದವಾಯಿತು. ಸೋಫಾದವರು ಮುಂದೆ, ಅವಳು ಹಿಂದೆ, ಅವಳ ಪಕ್ಕದಲ್ಲೇ ಬ್ಯಾಂಕಿನವರು. ಅಕ್ಕ ಇದ್ದಕ್ಕಿದ್ದಂತೆ ಗಟ್ಟಿ ದನಿಯಲ್ಲಿ ಮಾತು ಶುರು ಮಾಡಿದಳು. ಎಲ್ಲರಿಗೂ ಕೇಳಲಿ ಎಂಬಂತಿತ್ತು ಆ ದನಿ.

"ನಮ್ಮ ಓರಗಿತ್ತಿ ಕಥೆ ಕೇಳಿದ್ರಾ? ಹೊಸ ಸೋಫಾ ತಗೊಂಡ್ಲು. ಅಂಗಡಿಯವ್ರು ಹಾಕಿದ್ದ ಪ್ಲಾಸ್ಟಿಕ್ ಕವರ್ ತೆಗೀಲೇ ಇಲ್ಲ. ಕೂತ್ರೆ ಚರ್ ಅನ್ನುತ್ತೆ, ಎದ್ರೆ ಪರ್ ಅನ್ನುತ್ತೆ. ಬಂದ ನೆಂಟ್ರೆಲ್ಲ ಅಂಟ್ಕೊಂಡು..."

ಹಿಂದೆ ನಗು ಎದ್ದಿತು. ಸೋಫಾದವರ ಎದೆ ಹಗುರವಾಯಿತು. ಅಬ್ಬಾ, ಹಳೇ ದನಿ. ಬ್ರೇಕು ರಬ್ಬರಿನದೇ ತಪ್ಪು, ಇನ್ನೇನೂ ಅಲ್ಲ.

"ಒಂದಿನ ಅವಳ ಗಂಡ... ರೋಸಿಹೋಗಿ... ಬ್ಲೇಡು ತಗೊಂಡು..."

ಮಾತು ತುಂಡಾಗುತ್ತಿದೆ. ಸಾಧಾರಣ ಎಂದಿತು ಸೋಫಾದವರ ತಲೆ, ತನಗೆ ತಾನೇ.

"ಆ ಕವರ್ನ..."

ಅಲ್ಲಿಗೆ ನಿಂತಿತು. ಚಕ್ರಗಳ ಸದ್ದು, ಯಾರದೋ ಗಂಟೆಯ ಸದ್ದು. ಸೋಫಾದವರು ಮುಂದಿನ ಮಾತಿಗೆ ಕಾದರು. ಬರಲಿಲ್ಲ. ದಮ್ಮು, ಎಂದುಕೊಂಡರು. ಗುರುವಾರ ತಪ್ಪು ದರ್ಜೆ ಕೊಟ್ಟೆ, ಈಗ ಬ್ಯಾಂಕಿನವರ ಮುಂದೆ ಮುಖ ಹೇಗೆ ತೋರಿಸುವುದು, ಎಂದೂ ಎಂದುಕೊಂಡರು. ಇಷ್ಟೆಲ್ಲ ಅಂದುಕೊಳ್ಳಲು ಅವರಿಗೆ ಪುರುಸೊತ್ತಿತ್ತು. ಆಮೇಲೆ ಸೈಕಲ್ ಬಿದ್ದ ಸದ್ದಾಯಿತು, ಟೀಚರಮ್ಮ "ಅಕ್ಕಾ" ಎಂದು ಕಿರುಚಿದರು. ಆಗ ತಿರುಗಿ ನೋಡಿದರು.

ಆಸ್ಪತ್ರೆಗೆ ಸಾಗಿಸಿದ್ದು ಬ್ಯಾಂಕಿನವರೇ. ದಾರಿಯಲ್ಲಿ ಹೋಗುತ್ತಿದ್ದ ಕಾರನ್ನು ಅಡ್ಡಗಟ್ಟಿ, ಅಕ್ಕನ ತಲೆಯನ್ನು ತಮ್ಮ ಭುಜಕ್ಕೆ ಆನಿಸಿಕೊಂಡು ಕೂತರು. ಸೋಫಾದವರು ಅವಳ ಚಪ್ಪಲಿ ಹಿಡಿದುಕೊಂಡು ಮುಂದಿನ ಸೀಟಿಗೆ ಹತ್ತಿದರು.

ಒಳಗೆ ಅವಳಿಗೆ ಆಮ್ಲಜನಕದ ಮಾಸ್ಕು ಹಾಕಿದರು. ಹೃದಯ ಪಂಪು ಮಾಡುವ ಶಕ್ತಿ ಕುಗ್ಗಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು, ಉಸಿರಾಟದ ತೊಂದರೆ ಯಾವಾಗಿನಿಂದ ಎಂದು ಕೇಳಿದಳು. ಸಾಮಾನ್ಯವಾಗಿ ಗಂಡಂದಿರು ಈ ಪ್ರಶ್ನೆಗೆ ತಲೆ ಕೆರೆದುಕೊಳ್ಳುತ್ತಾರೆ. ಸೋಫಾದವರು ತಲೆ ಕೆರೆದುಕೊಳ್ಳಲಿಲ್ಲ.

"ಬೇಸಿಗೆ ಶುರುವಾಗೋ ಹೊತ್ತಿಗೆ ಸೇತುವೆ ಏರೋವಾಗ, ಅರ್ಧ ದಾರಿ ಆದ್ಮೇಲೆ, ಮಾತು ಒಂದೆರಡು ಸಲ ಕಡೀತು. ಆಮೇಲೆ ಗೋದಾಮಿನ ಹಿಂದೆ, ಅಲ್ಲಿ ಏರು ಅಂತ ಇಲ್ಲವೇ ಇಲ್ಲ, ಆದ್ರೂ ಪ್ರತಿ ಮಾತಿಗೂ ನಿಲ್ಲಿಸ್ತಿದ್ಲು. ಕಾಲುವೆ ರಸ್ತೇಲಿ, ಸಪಾಟು ರಸ್ತೆ ಅದು, ಮೊದಲನೇ ತೂಬು ದಾಟಿದ್ಮೇಲೆ ಮಾತೇ ಇಲ್ಲ. ಮನೆ ಮೆಟ್ಟಿಲಲ್ಲಿ ಮಧ್ಯಕ್ಕೆ ಕೂತ್ಕೊಳ್ತಿದ್ಲು. ಮಲಗಿದ್ರೆ ಎದೆ ಭಾರ. ದಿಂಬು ಮಾಡಿಕೊಟ್ಟೆ. ಆಮೇಲೆ ಎತ್ತರ ಸಾಲ್ದು ಅಂದ್ಲು, ಏರಿಸ್ದೆ. ಕಾಲು ಊದಿ ಚಪ್ಪಲಿ ಹಿಡೀತಿತ್ತು."

ಡಾಕ್ಟರಮ್ಮ ಬರೆದುಕೊಳ್ಳುತ್ತಿದ್ದವಳು ಪೆನ್ನು ನಿಲ್ಲಿಸಿ ಅವರ ಮುಖ ನೋಡಿದಳು. ಬೈಯಬೇಕೆಂಬ ಇರಾದೆ ಅವಳಿಗಿರಲಿಲ್ಲ, ನಿಜಕ್ಕೂ ಅಚ್ಚರಿಯಾಗಿತ್ತು.

"ಇಷ್ಟು ಚೆನ್ನಾಗಿ ಯಾರೂ ಹೇಳಲ್ಲ. ಎಲ್ಲಾನೂ ಗಮನಿಸಿದೀರಿ. ಮತ್ತೆ ಯಾಕೆ ಕರ್ಕೊಂಡು ಬರ್ಲಿಲ್ಲ?"

"ದಾರಿ ಕಷ್ಟ ಇದೆ ಅಂದ್ಕೊಂಡೆ" ಎಂದರು ಸೋಫಾದವರು. ಹೇಳಿದ ಮೇಲೆ ಆ ಮಾತು ಎಷ್ಟು ಹಾಸ್ಯಾಸ್ಪದ ಎಂದು ಅವರಿಗೇ ಕೇಳಿಸಿತು. ಗೋಡೆಯ ಬದಿಯ ಬೆಂಚಿನ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತರು. ಪಕ್ಕದಲ್ಲಿ ಬ್ಯಾಂಕಿನವರು ಅವರ ಹೆಲ್ಮೆಟ್ಟನ್ನು ಹಿಡಿದುಕೊಂಡು ನಿಂತಿದ್ದರು.

ಅವಳು ಉಳಿದಳು. ಮಾಸ್ಕು ತೆಗೆದರು, ಕಾಲಿನ ಊತ ಇಳಿಯಿತು, ಗಂಜಿ ಗುಟುಕರಿಸುವಷ್ಟಾದಳು. ಎಷ್ಟು ಉಳಿದಳು, ಎಲ್ಲಿಯವರೆಗೆ, ಎಂಬುದನ್ನು ಡಾಕ್ಟರಮ್ಮ ಖಚಿತವಾಗಿ ಹೇಳಲಿಲ್ಲ. ಮಾತ್ರೆ ಜೀವನಪೂರ್ತಿ, ಮೆಟ್ಟಿಲು ಬೇಡ, ಸೈಕಲ್ ವಿಚಾರ ಸದ್ಯಕ್ಕೆ ಎತ್ತಲೇಬೇಡಿ ಎಂದಳು. ಸೋಫಾದವರು ಒಂದೇ ದಿನದಲ್ಲಿ ಹೊಲಿಗೆ ಮಿಷಿನ್ನನ್ನೂ ಮಂಚವನ್ನೂ ಕೆಳಗೆ ಅಂಗಡಿಗೆ ಇಳಿಸಿದರು. ತಂಡದ ಸಂದೇಶಗಳಿಗೆ ಉತ್ತರ ಕೊಡಲಿಲ್ಲ.

ಅವಳು ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಒಂದು ಬೆಳಿಗ್ಗೆ ಡಾಕ್ಟರಮ್ಮ ಬಂದು, "ಇವತ್ತು ಸ್ವಲ್ಪ ನಡೀರಿ ಅಮ್ಮ. ವರಾಂಡದ ಕೊನೇ ಕಿಟಕಿವರೆಗೆ. ಮಾತಾಡ್ತಾ ನಡೀರಿ. ಮಾತಾಡೋಕೆ ಕಷ್ಟ ಆದ್ರೆ ಅಲ್ಲೇ ನಿಂತ್ಬಿಡಿ, ಅದೇ ಅಳತೆ" ಎಂದಳು.

ಹೆಂಡತಿ ಗಂಡನ ಕಡೆ ನೋಡಿದಳು. "ಕೇಳಿಸ್ತಾ? ನಿಮ್ಮ ವಿದ್ಯೆ ಇವ್ರಿಗೂ ಗೊತ್ತು."

ಅವಳು ಮಂಚದ ಅಂಚು ಹಿಡಿದು ಎದ್ದಳು. ಸೋಫಾದವರು ಅಭ್ಯಾಸಬಲದಿಂದ ಮುಂದೆ ಹೋಗಿ ನಿಂತು, ಬೆನ್ನು ತೋರಿಸಿ ಎರಡು ಹೆಜ್ಜೆ ಇಟ್ಟರು. ಅಲ್ಲಿಗೆ ಅವರ ಕಾಲು ತಡೆಯಿತು. ಪೂರ್ತಿ ತಿರುಗಿ ಅವಳಿಗೆ ಎದುರಾಗಿ ನಿಂತರು. ಆಮೇಲೆ ಅವಳ ಮುಖ ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಡತೊಡಗಿದರು. ಎಷ್ಟು ಇಳಿದುಹೋಗಿದೆ ಆ ಮುಖ. ಕಣ್ಣಿನ ಕೆಳಗಿನ ಕಪ್ಪು ಇವತ್ತಿನದಲ್ಲ.

"ಸರಿಯಾಗಿ ನಡೀರಿ. ಹಿಂದೆ ಹಿಂದೆ ಹೋಗಿ ಯಾರ ಮೇಲಾದ್ರೂ ಬೀಳ್ತೀರಿ."

"ಬಿದ್ರೆ ಆಸ್ಪತ್ರೆ ಇಲ್ಲೇ ಇದೆ. ನೀನು ಮಾತಾಡು."

"ಏನು ಮಾತಾಡ್ಲಿ?"

"ಓರಗಿತ್ತಿ ಸೋಫಾ."

ಅವಳ ಮುಖದಲ್ಲಿ ಹಳೆಯ ಕಳೆ ಸ್ವಲ್ಪ ಬಂತು. "ಅದಾ. ಅವಳ ಗಂಡ ರೋಸಿಹೋಗಿ ಬ್ಲೇಡು ತಗೊಂಡ. ಇವಳು ತರಕಾರಿಗೆ ಹೋದಾಗ ಕವರ್ ಕುಯ್ಯೋಣ ಅಂತ. ಕುಯ್ದ. ಖುಷಿಯಾಗಿ... ಎಳೆದು ತೆಗೆದ. ನೋಡಿದ್ರೆ..."

ಕಿಟಕಿ ಇನ್ನೂ ದೂರವಿತ್ತು. ಅವಳ ಕೈ ಗೋಡೆಯ ಕಂಬಿಯನ್ನು ಹುಡುಕಿತು. ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಸೋಫಾದವರು ಅವಳನ್ನು ಹಿಡಿದುಕೊಂಡು, ಪಕ್ಕದ ಕುರ್ಚಿಯನ್ನು ಕಾಲಿನಿಂದಲೇ ಎಳೆದು ಕೂರಿಸಿದರು. ಅದರ ಸೀಟು ಹರಿದು ಫೋಮು ಹೊರಗೆ ಬಂದಿತ್ತು. ಅದನ್ನು ನೋಡಿಯೂ ಅವರು ನೋಡಲಿಲ್ಲ. ಅವಳೆದುರು ನೆಲದ ಮೇಲೆ ಕೂತರು. ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು.

"ಏನು ದರ್ಜೆ ಕೊಟ್ರಿ?" ಎಂದಳು, ನಗಲು ನೋಡುತ್ತಾ. "ದಮ್ಮಾ?"

ಸೋಫಾದವರು ವರಾಂಡವನ್ನು ಒಮ್ಮೆ ಆ ತುದಿಯಿಂದ ಈ ತುದಿಗೆ ನೋಡಿದರು. ನುಣುಪು ನೆಲ, ಎಲ್ಲೂ ಏರಿಲ್ಲ, ತಗ್ಗಿಲ್ಲ.

"ದಾರಿ ಸಲೀಸೇ ಇದೆ ಕಣೇ" ಎಂದರು. "ನಿನಗೆ ಆಗ್ತಿಲ್ಲ."

ಅವಳ ನಗು ಅಳಿಸಿಹೋಯಿತು. ಕಣ್ಣು ತುಂಬಿ ಬಂತು. "ಹೂಂ ರೀ, ನನಗೆ ಆಗ್ತಿಲ್ಲ" ಎಂದಳು. "ಎಷ್ಟು ದಿನದಿಂದ ಆಗ್ತಿಲ್ಲ, ಗೊತ್ತಾ?"

"ಗೊತ್ತು" ಎಂದರು. ಅವಳ ಎರಡೂ ಪಾದಗಳನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡರು. "ಮಿಕ್ಕಿದ್ದು ಇಲ್ಲೇ ಕೂತು ಹೇಳು. ಕವರ್ ತೆಗೆದ್ಮೇಲೆ ಏನಾಯ್ತು?"